ಏಕತ್ವ, ಒಂಟಿತನ ಮತ್ತು ಸಾಧರ್ಮಿ ವಾತ್ಸಲ್ಯ

ಶ್ರಾವಕನ ಐದು ಅಣುವ್ರತಗಳಲ್ಲಿ ನಾಲ್ಕನೆಯದಾದ ಬ್ರಹ್ಮಚರ್ಯಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿಯೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಈ ಐದರಲ್ಲಿ ಮೊದಲು ಬರುವುದು ಪರರ ವಿವಾಹವನ್ನು ಮಾಡಿಸುವುದು. ಮೊದಲ ಸಲ ಓದುವವರಿಗೆ ಇದು ವಿಚಿತ್ರವೆನಿಸುತ್ತದೆ. ಮದುವೆ ಮಾಡಿಸುವುದು ಪುಣ್ಯದ ಕೆಲಸವೆಂದು ನಂಬಿದ ನಾಡು ಇದು. ವಧು-ವರರ ಮೇಳಾವಗಳನ್ನು ಧರ್ಮಸಂಸ್ಥೆಗಳೇ ಮುಂದೆ ನಿಂತು ನಡೆಸುತ್ತವೆ. ಆಗ ಈ ಅತಿಚಾರದ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಸೇರಬೇಕಾದವರು ಇಪ್ಪತ್ತೈದರ ತರುಣ-ತರುಣಿಯರಾಗಿರದೆ ನಲವತ್ತು, ಐವತ್ತು ದಾಟಿದವರಾದರೆ ಅದು ಥಟ್ಟನೆ ಎಲ್ಲರ ನೆನಪಿಗೂ ಬರುತ್ತದೆ. ವಿಧುರರು, ವಿಧವೆಯರು, ವಿಚ್ಛೇದನ ಹೊಂದಿದವರು, ಮದುವೆಯೇ ಆಗದೆ ಉಳಿದವರು ಒಬ್ಬರನ್ನೊಬ್ಬರು ಕಂಡು ಮಾತನಾಡಲು ಬಸದಿಯ ಸಭಾಭವನವನ್ನು ಬಿಟ್ಟುಕೊಡುವುದು ಧರ್ಮವೇ, ಅಲ್ಲವೇ ಎಂಬ ಪ್ರಶ್ನೆಯನ್ನು ಅನೇಕ ಟ್ರಸ್ಟುಗಳು ಎತ್ತದೆಯೇ ಬದಿಗಿಟ್ಟಿವೆ.

ಪ್ರಶ್ನೆ ಬರಿಯ ಶಾಸ್ತ್ರಚರ್ಚೆಯಾಗಬಾರದೆಂದರೆ ಇಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಇಬ್ಬರೂ ಕಲ್ಪಿತರು, ಅವರಂಥವರು ಮಾತ್ರ ಊರೂರಿಗೂ ಇದ್ದಾರೆ. ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಐವತ್ತೆರಡು ವರ್ಷದ ಶ್ರಾವಕರೊಬ್ಬರು. ಪತ್ನಿ ತೀರಿಕೊಂಡು ನಾಲ್ಕು ವರ್ಷ. ಮಗ ಪುಣೆಯಲ್ಲಿ ನೌಕರಿ, ಮಗಳನ್ನು ಕೊಲ್ಹಾಪುರಕ್ಕೆ ಕೊಟ್ಟಿದೆ. ಭತ್ತದ ಗದ್ದೆ, ಎರಡು ಎಮ್ಮೆ. ಸಹ್ಯಾದ್ರಿಯ ಮಳೆ ಹಿಡಿದರೆ ವಾರಗಟ್ಟಲೆ ಮನೆಯ ಹೊಸ್ತಿಲು ದಾಟುವವರಿಲ್ಲ. ಅವರ ಊರಿನಲ್ಲಿ ಜೈನ ಮನೆಗಳು ಕೈಬೆರಳೆಣಿಕೆಯಷ್ಟು. ಇನ್ನೊಬ್ಬರು ಬೆಳಗಾವಿಯ ಟಿಳಕವಾಡಿಯಲ್ಲಿರುವ ನಲವತ್ತಾರರ ಶಿಕ್ಷಕಿ. ತಂದೆ ಬೇಗ ಹೋದುದರಿಂದ ತಮ್ಮನ ಓದು, ತಂಗಿಯರ ಮದುವೆ ಅವರ ಪಾಲಿಗೆ ಬಂದವು. ಆಮೇಲೆ ಹತ್ತು ವರ್ಷ ತಾಯಿಯ ಶುಶ್ರೂಷೆ. ತಾಯಿಯೂ ಹೋದ ಮೇಲೆ ಸಂಜೆ ಶಾಲೆಯಿಂದ ಬಂದು ಬೀಗ ತೆಗೆದರೆ ಒಳಗೆ ಮಾತನಾಡಿಸುವ ಜೀವವಿಲ್ಲ. (ಇಷ್ಟನ್ನು ಓದುತ್ತಲೇ ಇವರಿಬ್ಬರಿಗೂ ಗಂಟು ಹಾಕಿಬಿಡಬಹುದಲ್ಲ ಎಂದು ಲೆಕ್ಕ ಹಾಕುವ ಹಿರಿಯರು ಇದ್ದೇ ಇರುತ್ತಾರೆ. ಪರವಿವಾಹಕರಣವೆಂಬ ಅತಿಚಾರ ಇಂಥ ಆತುರದಲ್ಲಿಯೇ ಮೊಳೆಯುವುದು.)

ಇವರು ಸಮಾಜದಿಂದ ದೂರ ಉಳಿದವರಲ್ಲ. ಶಿಕ್ಷಕಿ ದಶಲಕ್ಷಣ ಪರ್ವದ ಹತ್ತೂ ದಿನ ಪ್ರವಚನ ಕೇಳುತ್ತಾರೆ. ವಿಧುರರು ಮಹಾವೀರ ಜಯಂತಿಯ ಮೆರವಣಿಗೆಗೆ ಬೆಳಗಾವಿಗೆ ಬರುತ್ತಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜೈನರು ಸುಮಾರು 4 ಲಕ್ಷ 40 ಸಾವಿರ. ಅವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವರು ಬೆಳಗಾವಿ ಜಿಲ್ಲೆಯವರೇ. ಜನರಿಗೂ ಕೊರತೆಯಿಲ್ಲ, ಉತ್ಸವಗಳಿಗೂ ಕೊರತೆಯಿಲ್ಲ. ಆದರೂ ಆ ಉತ್ಸವಗಳ ಕಟ್ಟನ್ನು ಗಮನಿಸಿ ನೋಡಬೇಕು. ಪಂಚಕಲ್ಯಾಣದಲ್ಲಿ ಸೌಧರ್ಮೇಂದ್ರ-ಶಚಿಯರ ಸ್ಥಾನ ದಂಪತಿಗಳಿಗೆ. ಜಿನಮಾತಾಪಿತರ ಸ್ಥಾನ ದಂಪತಿಗಳಿಗೆ. ಸವಾಲಿನಲ್ಲಿ ಕೂಗುವುದೂ ಸಾಮಾನ್ಯವಾಗಿ ದಂಪತಿಗಳ ಹೆಸರು. ಶ್ರಾವಿಕೆಯರ ಅರಿಷಿಣ-ಕುಂಕುಮದಲ್ಲಿ ವಿಧವೆಗೆ ಕರೆಯಿಲ್ಲ. ಚಾತುರ್ಮಾಸದಲ್ಲಿ ಮುನಿಗಳ ಆಹಾರದಾನಕ್ಕೆ ಚೌಕ ಹಾಕಬೇಕೆಂಬ ಆಸೆ ವಿಧುರನಿಗಿದ್ದರೂ ಶೋಧದ ಅಡಿಗೆಗೆ ಮನೆಯಲ್ಲಿ ಕೈಗಳಿಲ್ಲ. ವಧು-ವರರ ಮೇಳಾವಕ್ಕೆ ಹೋದರೆ ಇಪ್ಪತ್ತೆಂಟರ ಹುಡುಗಿಯರ ನಡುವೆ ನಲವತ್ತಾರರ ಶಿಕ್ಷಕಿ ಎದ್ದು ನಿಂತು ತನ್ನ ಹೆಸರು ಹೇಳಬೇಕು. ಆಕೆ ಎರಡನೆಯ ಸಲ ಹೋಗುವುದಿಲ್ಲ. ಎಲ್ಲಿಯೂ ಇವರನ್ನು ಯಾರೂ ಹೊರಗೆ ಹಾಕಿದ್ದಲ್ಲ. ಕೂಡ್ರಲು ಜಾಗವಿದೆ, ಸೇರಲು ಇಲ್ಲ, ಅಷ್ಟೆ.

ಇಂಥವರು ತಮ್ಮ ದುಃಖವನ್ನು ಬಾಯಿಬಿಟ್ಟು ಹೇಳಿದಾಗ ಸಿದ್ಧವಾಗಿರುವ ಉತ್ತರ ಒಂದು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಏಕತ್ವ ಭಾವನೆಯನ್ನು ನೆನಪಿಸಿ, ಜೀವ ಒಂಟಿಯಾಗಿಯೇ ಹುಟ್ಟಿ ಒಂಟಿಯಾಗಿಯೇ ಕರ್ಮಫಲ ಉಣ್ಣುತ್ತದೆ, ಸಂಗಾತಿಯ ಹಂಬಲವೇಕೆ ಎಂದು ಬುದ್ಧಿ ಹೇಳುವುದು. ತತ್ತ್ವ ಸತ್ಯವೇ. ಆದರೆ ಅನುಪ್ರೇಕ್ಷೆ ಎಂದರೆ ತಾನು ತನ್ನೊಳಗೆ ಮತ್ತೆಮತ್ತೆ ಚಿಂತಿಸುವುದು. ಹೆಂಡತಿ, ಮಕ್ಕಳು, ಮೊಮ್ಮಕ್ಕಳ ನಡುವೆ ಕುಳಿತವನು ತನ್ನ ಮೋಹವನ್ನು ಸಡಿಲಿಸಿಕೊಳ್ಳಲು ಅದನ್ನು ಭಾವಿಸಬೇಕು. ಅವನೇ ಅದನ್ನು ಎದುರಿನ ಒಂಟಿ ಮನುಷ್ಯನ ಬಾಯಿ ಮುಚ್ಚಿಸಲು ಬಳಸಿದರೆ ಅಲ್ಲಿ ಭಾವನೆ ಉಳಿಯುವುದಿಲ್ಲ, ಔದಾಸೀನ್ಯವಷ್ಟೇ ಉಳಿಯುತ್ತದೆ. ಹಸಿದವನಿಗೆ ಅನಶನ ತಪದ ಮಹಿಮೆ ಹೇಳಿದಂತೆ ಅದು. ಏಕತ್ವವು ಸಾಧನೆಯಿಂದ ದೊರೆಯುವ ನೆಲೆ. ಒಂಟಿತನ ಹಾಗಲ್ಲ, ಅದು ಮೇಲೆ ಬಂದು ಬೀಳುವ ಸ್ಥಿತಿ. ಅದರಲ್ಲಿ ಆರ್ತಧ್ಯಾನವೇ ಹೆಚ್ಚು. ಇಷ್ಟವಿಯೋಗದ ಚಿಂತೆಯನ್ನು ಆರ್ತಧ್ಯಾನದಲ್ಲಿ ಸೇರಿಸಿದ ಆಚಾರ್ಯರಿಗೆ ಈ ಅಂತರ ಚೆನ್ನಾಗಿ ಗೊತ್ತಿತ್ತು.

ವಿವಾಹವಿಲ್ಲದ ಬಾಳನ್ನು ಜೈನಧರ್ಮದಷ್ಟು ಎತ್ತರಕ್ಕೆ ಏರಿಸಿದ ಮತಗಳು ಕಡಿಮೆ ಎಂಬುದೂ ನಿಜ. ದಿಗಂಬರ ಪರಂಪರೆಯಂತೆ ಐವರು ತೀರ್ಥಂಕರರು ಬಾಲಬ್ರಹ್ಮಚಾರಿಗಳು. ಬೆಳಗಾವಿಯ ಕೋಟೆಯೊಳಗೆ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲಬಸದಿಯಲ್ಲಿ ನೆಲೆಸಿರುವವನು ನೇಮಿನಾಥ. ಮದುವೆಯ ದಿಬ್ಬಣದಲ್ಲಿ ಕಟ್ಟಿಹಾಕಿದ ಪ್ರಾಣಿಗಳ ಕೂಗು ಕೇಳಿ ರಥವನ್ನು ಹಿಂದಿರುಗಿಸಿದ ಸ್ವಾಮಿ. ರಾಜೀಮತಿಯೂ ಬೇರೆ ವರನನ್ನು ಒಪ್ಪದೆ ಅದೇ ದಾರಿ ಹಿಡಿದಳು. ಇದೇ ಜಿಲ್ಲೆಯ ಭೋಜ ಗ್ರಾಮದ ಸಾತಗೌಡ ಪಾಟೀಲರು ಒಂಬತ್ತನೆಯ ವಯಸ್ಸಿನಲ್ಲಿ ಬಾಲ್ಯವಿವಾಹವಾಗಿ, ಕೆಲವೇ ತಿಂಗಳಲ್ಲಿ ಆ ಬಾಲಿಕೆ ತೀರಿಕೊಂಡ ಮೇಲೆ ಮತ್ತೆ ಮದುವೆಗೆ ಒಪ್ಪಲಿಲ್ಲ. ತಂದೆತಾಯಿಗಳ ಸೇವೆ ಮುಗಿಸಿ ನಲವತ್ತು ದಾಟಿದ ಮೇಲೆ ದೀಕ್ಷೆ ಪಡೆದು ಆಚಾರ್ಯ ಶಾಂತಿಸಾಗರರಾದರು (1872-1955). ಇಂಥ ನೆಲದಲ್ಲಿ ಒಂಟಿ ಬಾಳಿಗೆ ಗೌರವವಿಲ್ಲವೆನ್ನಲಾಗದು. ಆದರೆ ಈ ಗೌರವವೆಲ್ಲ ವ್ರತದ ಏಕಾಕಿಗೆ ಸಲ್ಲುತ್ತದೆ, ವಿಧಿಯ ಏಕಾಕಿಗೆ ಸಲ್ಲುವುದಿಲ್ಲ. ನಡುಮನೆಯಲ್ಲಿ ಮದುವೆಯಾಗದೆ ಉಳಿದವಳನ್ನು ಬ್ರಹ್ಮಚಾರಿಣಿ ಎಂದು ಯಾರೂ ನಮಸ್ಕರಿಸುವುದಿಲ್ಲ. ಜಾತಕದಲ್ಲಿ ಏನೋ ದೋಷವಿತ್ತಂತೆ ಎನ್ನುತ್ತಾರೆ.

ವಿಧವೆಯರ ಮುಂದೆ ಅತ್ತಿಮಬ್ಬೆಯ ಹೆಸರು ಹೇಳುವ ರೂಢಿಯೂ ಉಂಟು. ಗಂಡ ನಾಗದೇವ ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು; ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಉಳಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳು, ಸಾವಿರದ ಐದುನೂರು ಜಿನಪ್ರತಿಮೆಗಳನ್ನು ಮಾಡಿಸಿ ದಾನವಿತ್ತಳು, 993ರಲ್ಲಿ ರನ್ನನಿಂದ ಅಜಿತಪುರಾಣ ಹೇಳಿಸಿದಳು, ಲಕ್ಕುಂಡಿಯಲ್ಲಿ ಬಸದಿ ಎತ್ತಿಸಿದಳು. ದೊಡ್ಡ ಬಾಳು. ಆದರೆ ಆ ಬಾಳಿನ ಹಿಂದೆ ಮಗನಿದ್ದ, ದಂಡನಾಯಕರ ಮನೆತನವಿತ್ತು, ಕೈಯಲ್ಲಿ ಹೊನ್ನಿತ್ತು, ಬಾಗಿಲಿಗೆ ಕವಿಗಳು ಬರುತ್ತಿದ್ದರು. ಅತ್ತಿಮಬ್ಬೆ ಒಂದು ದಿನವೂ ಮೂಲೆಯಲ್ಲಿ ಕುಳಿತವಳಲ್ಲ. ಆಕೆಯನ್ನು ಆದರ್ಶವೆಂದು ತೋರಿಸುವ ಮೊದಲು, ಆಕೆಗೆ ದೊರೆತ ಸಭೆಯ ನೂರರಲ್ಲಿ ಒಂದು ಪಾಲನ್ನಾದರೂ ಇಂದಿನ ವಿಧವೆಗೆ ದೊರಕಿಸಿಕೊಡಬೇಕಾಗುತ್ತದೆ.

ಇನ್ನು ಪರವಿವಾಹಕರಣದ ವಿಚಾರ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಿಂದಲೂ ಕರ್ಮ ಅಂಟುತ್ತದೆಂಬುದು ಜೈನ ನೀತಿಯ ಮೂಲ ಲೆಕ್ಕ. ತಾನು ಸ್ವದಾರಸಂತೋಷಿಯಾಗಿದ್ದು, ಊರವರ ಮದುವೆಗಳನ್ನೆಲ್ಲ ಮೈಮೇಲೆ ಹಾಕಿಕೊಂಡು ಓಡಾಡುವವನು ತನ್ನ ವ್ರತದ ಹಿಡಿತವನ್ನು ಇನ್ನೊಂದು ಬಾಗಿಲಿನಿಂದ ಸಡಿಲಿಸಿಕೊಳ್ಳುತ್ತಾನೆ; ಅವನ ಚಿತ್ತ ಸದಾ ಅದೇ ವಿಷಯದಲ್ಲಿ ಸುತ್ತುತ್ತಿರುತ್ತದೆ. ಆದ್ದರಿಂದ ಅದು ಅತಿಚಾರ. ಆದರೆ ಟೀಕಾಕಾರರು ಸ್ವಂತ ಮಕ್ಕಳ ವಿವಾಹವನ್ನು ಈ ದೋಷದಿಂದ ಹೊರಗಿಟ್ಟರು. ಅವರು ಕೊಟ್ಟ ಕಾರಣ ಮುಖ್ಯವಾದುದು: ತಂದೆ ಆ ಹೊಣೆಯನ್ನು ಕೈಬಿಟ್ಟರೆ ಮಕ್ಕಳು ದಾರಿ ತಪ್ಪಬಹುದು, ಶಾಸನಕ್ಕೂ ಅಪವಾದ ಬರಬಹುದು. ಅಂದರೆ ದೋಷ-ನಿರ್ದೋಷಗಳನ್ನು ನಿರ್ಣಯಿಸುವುದು ಹೊಣೆ ಮತ್ತು ಪರಿಣಾಮ. ಮದುವೆಯೆಂಬ ಕ್ರಿಯೆ ಮಾತ್ರವೇ ಅಲ್ಲ. ತಂದೆತಾಯಿಗಳಿಲ್ಲದ, ಒಡಹುಟ್ಟಿದವರು ತಮ್ಮ ಸಂಸಾರಗಳಲ್ಲಿ ಮುಳುಗಿದ ನಲವತ್ತಾರರ ಹೆಣ್ಣುಮಗಳ ಹೊಣೆ ಯಾರದು? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣ, ವಾತ್ಸಲ್ಯ ಎಂಬ ಎರಡನ್ನು ಎಣಿಸಿದ ಧರ್ಮದಲ್ಲಿ ಆ ಹೊಣೆ ಸಾಧರ್ಮಿಗಳದಾಗದೆ ಬೇರೆ ಯಾರದಾದೀತು?

ಹಾಗೆಂದು ಸಮಾಜ ಆಕೆಗೆ ತಂದೆಯಾಗಿಬಿಡಬೇಕಿಲ್ಲ. ನಲವತ್ತಾರರ ವ್ಯಕ್ತಿಗೆ ತನ್ನ ಬಾಳನ್ನು ತೂಗಿ ನೋಡುವ ವಿವೇಕವಿದೆ. ಜೊತೆಗಾರ ಬೇಕೋ, ಗೆಳತಿಯರ ಒಂದು ಬಳಗ ಸಾಕೋ, ಪ್ರತಿಮೆಗಳನ್ನೇರುವ ಸಾಧನೆಯೋ, ಆಕೆಯೇ ಆರಿಸಿಕೊಳ್ಳಬೇಕು. ಸಮಾಜ ಕೊಡಬೇಕಾದುದು ಭೇಟಿಯ ಅವಕಾಶ. ಜೋಡಿಸುವ ಕೆಲಸಕ್ಕೆ ಅದು ಇಳಿದರೆ ಅತಿಚಾರದ ಗಡಿ ದಾಟಿದಂತೆ. ಒಂದು ವರ್ಷದಲ್ಲಿ ಇಷ್ಟು ಲಗ್ನ ಕೂಡಿಸಿದೆವೆಂದು ವೇದಿಕೆಯ ಮೇಲೆ ಲೆಕ್ಕ ಓದುವ ಕಾರ್ಯದರ್ಶಿಗೆ ಸಮಂತಭದ್ರರ ಎಚ್ಚರಿಕೆ ನೇರವಾಗಿ ಅನ್ವಯಿಸುತ್ತದೆ. ಬಾಗಿಲು ತೆರೆದಿಟ್ಟು, ಯಾರು ಯಾರೊಡನೆ ಮಾತನಾಡಿದರೆಂದು ಎಣಿಸದೆ ಇರುವ ಟ್ರಸ್ಟಿಗೆ ಅದು ಅನ್ವಯಿಸುವುದಿಲ್ಲ.

ಸೇರಿಸುವುದು ಈ ನೆಲಕ್ಕೆ ಹೊಸತೂ ಅಲ್ಲ. ಖಾನಾಪುರ ತಾಲೂಕಿನ ಹಲಸಿ ಕದಂಬರ ಕಾಲದ ಪಲಾಶಿಕೆ. ಅಲ್ಲಿ ದೊರೆತ ರವಿವರ್ಮನ ತಾಮ್ರಶಾಸನ, ಸುಮಾರು ಒಂದೂವರೆ ಸಾವಿರ ವರ್ಷಗಳಷ್ಟು ಹಳೆಯದು, ಜಿನೇಂದ್ರನ ಎಂಟು ದಿನಗಳ ಉತ್ಸವವನ್ನು ಕಾರ್ತಿಕದ ಹುಣ್ಣಿಮೆಯಲ್ಲಿ ವರ್ಷವರ್ಷವೂ ನಡೆಸಲು ಒಂದು ಗ್ರಾಮದ ಆದಾಯವನ್ನು ಬಿಟ್ಟುಕೊಡುತ್ತದೆ; ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ಮುನಿಗಳಿಗೆ ಆಹಾರ ಸಲ್ಲಬೇಕೆನ್ನುತ್ತದೆ; ನಾಡಿನವರೂ ಪಟ್ಟಣದವರೂ ಕೂಡಿ ಪೂಜೆ ನಡೆಸಬೇಕೆನ್ನುತ್ತದೆ. ಹಳ್ಳಿಯೂ ಪೇಟೆಯೂ ವರ್ಷಕ್ಕೊಮ್ಮೆ ಒಂದೆಡೆ ನೆರೆಯಲಿ ಎಂಬುದನ್ನು ಅರಸನೊಬ್ಬ ತಾಮ್ರದಲ್ಲಿ ಕೊರೆಯಿಸಬೇಕಾಯಿತೆಂದರೆ, ಕಾಡಿನ ಅಂಚಿನ ಆ ಸೀಮೆಯಲ್ಲಿ ಜನ ಚದುರಿ ಬಾಳುತ್ತಿದ್ದುದೂ ಅವರಿಗೆ ಕೂಟಗಳು ಬೇಕಾಗಿದ್ದುದೂ ಊಹಿಸಬಹುದಾದ ಮಾತು. ಖಾನಾಪುರದಿಂದ ಬೆಳಗಾವಿಗೆ ಈಗ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆದರೂ ಐವತ್ತೆರಡರ ವಿಧುರನಿಗೆ ಆ ದಾರಿ ಹಿಡಿಯಲು ಒಂದು ನೆಪ ಬೇಕು.

ಕೈಯಲ್ಲಿ ಮೊಬೈಲ್ ಇರುವಾಗ ಎದುರು ಕೂತು ಭೇಟಿಯಾಗುವ ಶ್ರಮವೇಕೆ ಎನ್ನುವವರಿದ್ದಾರೆ. ಪರದೆಯ ಮೇಲಿನ ಪರಿಚಯದಲ್ಲಿ ವಯಸ್ಸು ಇಳಿಯುತ್ತದೆ, ಸಂಬಳ ಏರುತ್ತದೆ, ಮೊದಲ ಮದುವೆಯ ವಿಷಯ ಮಾಯವಾಗುತ್ತದೆ. ಅದರಿಂದ ಹಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಆದರೆ ಮೋಸಕ್ಕಿಂತ ದೊಡ್ಡದಾದ ಇನ್ನೊಂದು ಕಾರಣವಿದೆ. ನಡುವಯಸ್ಸಿನ ಮನುಷ್ಯ ಅರ್ಧ ಬಾಳನ್ನು ಆಗಲೇ ಬಾಳಿದವನು. ಅವನ ಗುಣ ಫೋಟೋದಲ್ಲಿಯೂ ಪರಿಚಯಪತ್ರದಲ್ಲಿಯೂ ಹಿಡಿಯುವುದಿಲ್ಲ. ಪಂಕ್ತಿಯಲ್ಲಿ ಬಡಿಸುವಾಗ ಕೊನೆಯ ಸಾಲಿನವರನ್ನು ಹೇಗೆ ಕೇಳುತ್ತಾನೆ, ನೀರು ಸೋಸುವವಳನ್ನು ಏಕವಚನದಲ್ಲಿ ಕೂಗುತ್ತಾನೆಯೇ, ತೀರಿಹೋದ ಹೆಂಡತಿಯ ಮಾತು ಬಂದಾಗ ಮುಖ ಹೇಗಾಗುತ್ತದೆ ಎಂಬುದರಲ್ಲಿ ಅದು ಕಾಣಿಸುತ್ತದೆ. ಒಂದು ದಿನ ಕೂಡಿ ಕೆಲಸ ಮಾಡಿದವರಿಗೆ ಅದು ತಾನಾಗಿ ಗೊತ್ತಾಗುತ್ತದೆ.

ಈ ಕೂಟಗಳಿಗೆ ಬರುವ ಕೆಲವು ಗಂಡಸರ ಮನಸ್ಸಿನಲ್ಲಿ ಬೇರೆಯೇ ಲೆಕ್ಕವಿರುವುದನ್ನು ಮರೆಮಾಚಬಾರದು. ರೊಟ್ಟಿ ಬಡಿಯುವವರು ಬೇಕು, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವವರು ಬೇಕು, ಅದಕ್ಕೊಂದು ಮದುವೆ. ಸಂಬಳವಿಲ್ಲದ ಆಳನ್ನು ಪತ್ನಿಯೆಂಬ ಹೆಸರಿನಲ್ಲಿ ತರುವುದು ಅಹಿಂಸೆಯನ್ನು ಪರಮಧರ್ಮವೆನ್ನುವವರಿಗೆ ಒಪ್ಪುವ ಮಾತಲ್ಲ. ಅಡಿಗೆಯವರು ಬೇಕಾದರೆ ಕೂಲಿ ಕೊಟ್ಟು ಇಟ್ಟುಕೊಳ್ಳಬಹುದು. ಟಿಳಕವಾಡಿಯ ಶಿಕ್ಷಕಿ ತಮ್ಮ, ತಂಗಿ, ತಾಯಿಯರಿಗೆ ಇಪ್ಪತ್ತೈದು ವರ್ಷ ಸೇವೆ ಮಾಡಿದ್ದಾಳೆ. ಇನ್ನೊಂದು ಮನೆಯ ಸೇವೆಗಾಗಿ ಅವಳನ್ನು ಹುಡುಕುವುದು ಕ್ರೌರ್ಯವೇ.

ನಡುವಯಸ್ಸಿನ ಸಂಬಂಧಕ್ಕೆ ನಿಜವಾದ ಅಡ್ಡಗಾಲು ಮಾತ್ರ ಶಾಸ್ತ್ರವೂ ಅಲ್ಲ, ಲೋಕಾಪವಾದವೂ ಅಲ್ಲ, ಮಕ್ಕಳು. ಅಪ್ಪ ಈ ವಯಸ್ಸಿನಲ್ಲಿ ಇನ್ನೊಬ್ಬಳನ್ನು ತಂದರೆ ಮರ್ಯಾದೆ ಏನಾಗಬೇಕು ಎಂದು ಪುಣೆಯಿಂದ ಫೋನು ಬರುತ್ತದೆ. ಆ ಮಾತಿನ ಒಳಗೆ ತಾಯಿಯ ನೆನಪಿನ ನೋವು ಇರುತ್ತದೆ, ಅದನ್ನು ಅಲ್ಲಗಳೆಯಲಾಗದು. ಎಷ್ಟೋ ಕಡೆ ಅದರ ಕೆಳಗೆ ಗದ್ದೆಯ ಪಹಣಿಯೂ ಇರುತ್ತದೆ. ಪರಿಗ್ರಹವು ಮರ್ಯಾದೆಯ ಉಡುಪು ತೊಟ್ಟು ಬಂದಾಗ ಅದನ್ನು ಗುರುತಿಸುವುದು ಕಷ್ಟ. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಲ್ಲಿ ವಿಧವೆಯ ಉಡಿಕೆ ಎಂಬ ಪದ್ಧತಿ ಇತ್ತು. ಒಪ್ಪಿಗೆಯೂ ಇತ್ತು, ನಾಚಿಕೆಯೂ ಇತ್ತು, ರಾತ್ರಿ ಹೊತ್ತು ಸದ್ದಿಲ್ಲದೆ ಮುಗಿಸುತ್ತಿದ್ದರು. 1856ರ ಕಾಯಿದೆ ವಿಧವಾವಿವಾಹಕ್ಕೆ ಮಾನ್ಯತೆ ಕೊಟ್ಟರೂ, ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯನ್ನು ಬಿಟ್ಟುಕೊಡಬೇಕೆಂದಿತು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಅನಂತರ, ಗಂಡನಿಂದ ವಿಧವೆಗೆ ಬಂದ ಪಾಲು ಅವಳ ಪೂರ್ಣ ಸ್ವತ್ತು. ಆಮೇಲೆ ಮದುವೆಯಾದ ಮಾತ್ರಕ್ಕೆ ಅದು ಕೈಬಿಡುವುದಿಲ್ಲ. ಇನ್ನು ಕೆಲವು ವಿಧವೆಯರ ಮೇಲೆ ಉಳಿದಿದ್ದ ನಿರ್ಬಂಧವನ್ನೂ 2005ರ ತಿದ್ದುಪಡಿ ತೆಗೆದುಹಾಕಿತು. ಗಂಡಸಿನ ಎರಡನೆಯ ಹೆಂಡತಿಯೂ ಮಕ್ಕಳ ಸಾಲಿನಲ್ಲಿಯೇ ಹಕ್ಕುದಾರಳು. ಮಕ್ಕಳ ಭಯಕ್ಕೆ ಆಧಾರವಿಲ್ಲವೆನ್ನುವಂತಿಲ್ಲ. ಆದ್ದರಿಂದ ಮದುವೆಯ ಮಾತು ಮುಂದುವರಿಯುವ ಮೊದಲೇ ಸ್ವಯಾರ್ಜಿತ ಯಾವುದು, ಪಿತ್ರಾರ್ಜಿತ ಯಾವುದು, ಮಕ್ಕಳಿಗೆ ಏನು, ಬರುವವಳ ಮುಪ್ಪಿಗೆ ಏನು ಎಂಬುದನ್ನು ವಕೀಲರ ಮುಂದೆ ಬರೆದು ನೋಂದಾಯಿಸುವುದು ಎಲ್ಲರಿಗೂ ಕ್ಷೇಮ. ಪರಿಗ್ರಹಪರಿಮಾಣ ವ್ರತವನ್ನು ಹಿಡಿದ ಮನೆಗಳಲ್ಲಿ ಇಂಥ ಮಾತುಕತೆ ಅಸಾಧ್ಯವಾಗಬಾರದು. ಮಗ ವರ್ಷದಲ್ಲಿ ಎರಡು ಸಲ ಊರಿಗೆ ಬರುವವನಾದರೆ, ಉಳಿದ ಮುನ್ನೂರೈವತ್ತು ರಾತ್ರಿಗಳನ್ನು ಅಪ್ಪ ಹೇಗೆ ಕಳೆಯುತ್ತಾನೆಂಬುದನ್ನೂ ಆ ಕಾಗದದ ಪಕ್ಕದಲ್ಲಿಟ್ಟು ಯೋಚಿಸಬೇಕು.

ಹೊರಗಿನ ಲೋಕ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಬ್ರಿಟನ್ ಸರಕಾರ 2018ರಲ್ಲಿ ಒಂಟಿತನದ ವಿಚಾರಕ್ಕೆಂದೇ ಒಬ್ಬ ಸಚಿವರನ್ನು ನೇಮಿಸಿತು. ಅಹಮದಾಬಾದಿನಲ್ಲಿ ನಟುಭಾಯಿ ಪಟೇಲರು 2001ರ ಭೂಕಂಪದಲ್ಲಿ ಸಂಗಾತಿಗಳನ್ನು ಕಳೆದುಕೊಂಡವರನ್ನು ಕಂಡು, ಐವತ್ತು ದಾಟಿದವರ ಮುಖಾಮುಖಿ ಸಮ್ಮೇಳನಗಳನ್ನು ನಡೆಸತೊಡಗಿದರು. ಹೈದರಾಬಾದಿನ ತೋಡು ನೀಡ ಸಂಸ್ಥೆಯೂ ಹಿರಿಯರನ್ನು ಹೀಗೆಯೇ ಸೇರಿಸುತ್ತದೆ. ಅವರ ರೀತಿಯೆಲ್ಲ ಜೈನ ಟ್ರಸ್ಟುಗಳಿಗೆ ಹೊಂದದಿರಬಹುದು. ಆದರೆ 1899ರಲ್ಲಿಯೇ ದಕ್ಷಿಣ ಭಾರತದ ಜೈನ ಸಭೆಯನ್ನು ಕಟ್ಟಿ, ಮಕ್ಕಳ ಓದಿಗೆ ಬೋರ್ಡಿಂಗುಗಳನ್ನು ತೆರೆದ ಸಮಾಜಕ್ಕೆ, ಹತ್ತೊಂಬತ್ತರಲ್ಲಿ ವಿಧವೆಯಾದ ಮಗನಬಾಯಿ ಮುಂಬಯಿಯಲ್ಲಿ ಶ್ರಾವಿಕಾಶ್ರಮ ನಡೆಸಿದ್ದನ್ನು ಕಂಡ ಸಮಾಜಕ್ಕೆ ಇದು ಮೀರಿದ ಕೆಲಸವೇನಲ್ಲ.

ಮಾಡುವುದಾದರೆ ಸಣ್ಣದಾಗಿ ಮಾಡಬೇಕು. ಬ್ಯಾನರು, ವೇದಿಕೆ, ಹೆಸರು ಕೂಗುವುದು ಯಾವುದೂ ಬೇಡ. ಚಾತುರ್ಮಾಸದಲ್ಲಿ ತಿಂಗಳಿಗೊಂದು ಭಾನುವಾರ, ಒಬ್ಬೊಂಟಿಯಾಗಿರುವ ಶ್ರಾವಕ-ಶ್ರಾವಿಕೆಯರೆಲ್ಲ ಕೂಡಿ ಒಂದು ಚೌಕ ಹಾಕುವ ಏರ್ಪಾಡು ಮಾಡಬಹುದು. ಖಾನಾಪುರದ ಗದ್ದೆಯ ಅಕ್ಕಿ ಬರಲಿ, ಬೆಳಗಾವಿಯ ಕೈಗಳು ಶೋಧ ಮಾಡಲಿ. ಒಬ್ಬನಿಂದ ಆಗದ ಆಹಾರದಾನ ಹತ್ತು ಜನರಿಂದ ಆಗುತ್ತದೆ. ಪಡಗಾಹನಕ್ಕೆ ನಿಲ್ಲಲು ದಂಪತಿಗಳೇ ಆಗಬೇಕೆಂಬ ನಿಯಮವೇನೂ ಇಲ್ಲ. ಆಹಾರ ಮುಗಿದ ಮೇಲೆ ಒಂದು ತಾಸು ಸ್ವಾಧ್ಯಾಯ, ಆಮೇಲೆ ಅವರವರ ಮಾತುಕತೆ. ಸ್ತವನಿಧಿಗೆ ಒಂದು ದಿನದ ಯಾತ್ರೆಯಾದರೂ ಸರಿ. ನೋಡಿಕೊಳ್ಳಲು ಮಾತು ಕಡಿಮೆ ಆಡುವ ಮೂವರು ಹಿರಿಯ ಶ್ರಾವಿಕೆಯರು ಸಾಕು. ಯಾರಾದರೂ ವಿವಾಹದ ಉದ್ದೇಶ ಹೇಳಿದರೆ ವಿಚ್ಛೇದನದ ತೀರ್ಪನ್ನೋ ಮರಣದ ದಾಖಲೆಯನ್ನೋ ಅವರು ನೋಡಿ ಹಿಂದಿರುಗಿಸಲಿ. ಪ್ರತಿ ಇಟ್ಟುಕೊಳ್ಳುವುದು ಬೇಡ. ಫೋಟೋ, ಫೋನ್ ನಂಬರು ಯಾವ ಸ್ಮರಣಸಂಚಿಕೆಯಲ್ಲಿಯೂ ಅಚ್ಚಾಗಬಾರದು. ಉಪಗೂಹನಾಂಗ ಹೇಳುವ ಮರೆ ಇವರಿಗೂ ಸಲ್ಲುತ್ತದೆ. ಶುಲ್ಕವೂ ಬೇಡ, ಕಾಣಿಕೆಯೂ ಬೇಡ. ಮದುವೆ ಬೇಡವೆನ್ನುವವರನ್ನು ಇನ್ನೊಮ್ಮೆ ಕೇಳಲೂಬಾರದು. ಅವರು ಚೌಕಕ್ಕೆಂದು ಬಂದವರು, ಮುಂದಿನ ತಿಂಗಳೂ ಚೌಕಕ್ಕೆಂದೇ ಬರಲಿ.

ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುವ ಸಮಾಜದಲ್ಲಿ ಇಂಥ ಕೂಟಗಳು ಹಗಲಿನಲ್ಲಿಯೇ ಮುಗಿಯುತ್ತವೆ. ಹೆಣ್ಣುಮಕ್ಕಳು ಬೆಳಕಿರುವಾಗಲೇ ಮನೆ ಸೇರಬಹುದು. ಖಾನಾಪುರದ ಕಡೆಯವರಿಗೂ ಸಂಜೆ ಎಮ್ಮೆ ಕರೆಯುವ ಹೊತ್ತಿಗೆ ಊರು ಮುಟ್ಟುವಂತೆ ಬಸ್ಸು ಸಿಗುತ್ತದೆ.